ಬಿದ್ದ ಬೇವಿನ ಮರವೂ ಸರಪಳಿ ಗರಗಸವೂ

ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಗೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹೊಲದ ಬದುಗಳಲ್ಲಿ ಹಳೆಯ ಬೇವಿನ ಮರಗಳು ಉರುಳುವುದುಂಟು. ಮರುದಿನವೇ ಕೊಡಲಿ ಬರುತ್ತದೆ; ಒಂದು ಮೊಳಕ್ಕೂ ಮಿಕ್ಕ ದಪ್ಪದ ಬೊಡ್ಡೆ ಒಲೆಯ ಪಾಲಾಗುತ್ತದೆ. ಹುಳು ಸುಲಭವಾಗಿ ಹಿಡಿಯದ, ಬಾಗಿಲಿಗೂ ಮೇಜಿಗೂ ಒದಗಬೇಕಾದ ಮರವನ್ನು ಹೀಗೆ ಸುಡುವುದು ದುಂದುಗಾರಿಕೆಯೆಂದೇ ನನ್ನ ಅಭಿಪ್ರಾಯ.

ಮಿಲ್ಲಿಗೆ ಸಾಗಿಸಬಾರದೇ ಎಂದು ಕೇಳಬಹುದು. 60 ಸೆಂ.ಮೀ. ವ್ಯಾಸ, ಎರಡೂವರೆ ಮೀಟರು ಉದ್ದದ ದಿಮ್ಮಿಯ ಗಾತ್ರ ಸುಮಾರು 0.7 ಘನಮೀಟರು, ಹಸಿಮರದ ಸಾಂದ್ರತೆ ನೀರಿನದಕ್ಕೆ ಸಮೀಪವಾದುದರಿಂದ ತೂಕ ಏಳು ಕ್ವಿಂಟಲಿನ ಆಸುಪಾಸು. ಎರೆಭೂಮಿ ನೆನೆದಿದ್ದರೆ ಟ್ರ್ಯಾಕ್ಟರೂ ಒಳಗೆ ಬಾರದು. ಇಂತಹ ಕಡೆ ಸರಪಳಿ ಗರಗಸದ ಅಲಗಿಗೆ ಬಿಗಿಯುವ ಒಂದು ಸರಳ ಲೋಹದ ಚೌಕಟ್ಟು ಸಾಕು. ಅದು ದಿಮ್ಮಿಯ ಮೇಲೆ ಜಾರುತ್ತ, ಅಲಗನ್ನು ಒಂದೇ ಆಳದಲ್ಲಿ ಹಿಡಿದು, ಇದ್ದಲ್ಲಿಯೇ ಹಲಗೆ ಸೀಳಿ ಕೊಡುತ್ತದೆ.

ಆದರೆ ಅಗ್ಗದ ಗರಗಸದ ಆಸೆ ಬೇಡ. ನನ್ನ ಮಿತ್ರರೊಬ್ಬರು ಕೊಂಬೆ ಕತ್ತರಿಸುವ ಪುಟ್ಟ ಯಂತ್ರಕ್ಕೇ ಚೌಕಟ್ಟು ಕಟ್ಟಿದರು. ಎರಡನೆಯ ಹಲಗೆಗೇ ಎಂಜಿನ್ನು ಬಿಗಿದು ನಿಂತಿತು. ಲೆಕ್ಕ ಹಾಕಿದ್ದರೆ ಹಾಗಾಗುತ್ತಿರಲಿಲ್ಲ. ಮೇಲಿನ ದಿಮ್ಮಿಯನ್ನು ಅಡ್ಡಲಾಗಿ ತುಂಡರಿಸಿದರೆ ಕೊಯ್ತದ ಹರವು 0.28 ಚದರ ಮೀಟರು. ನಡುಮಧ್ಯೆ ಉದ್ದಕ್ಕೆ ಸೀಳಿದರೆ 1.5, ಅಂದರೆ ಐದು ಪಟ್ಟಿಗೂ ಹೆಚ್ಚು. ಅಷ್ಟು ಹೊತ್ತೂ ಎಂಜಿನ್ನು ಪೂರ್ಣ ಹೊರೆಯಲ್ಲಿ ಕಾಯುತ್ತಲೇ ಇರಬೇಕು. ಈ ಅಗಲಕ್ಕೆ 80-90 ಘನ ಸೆಂ.ಮೀ. ಎಂಜಿನ್ನು ತಕ್ಕದ್ದು. ಹಿಡಿಕೆಗಳು ಅಲಗಿನ ತುದಿಗಳನ್ನು ಆಕ್ರಮಿಸುವುದರಿಂದ ಅಲಗು ದಿಮ್ಮಿಯ ದಪ್ಪಕ್ಕಿಂತ ಒಂದು ಗೇಣಾದರೂ ಹೆಚ್ಚಿರಲಿ. ಹಲ್ಲಿನ ಕೋನವೂ ಬೇರೆ: ಅಡ್ಡ ಕೊಯ್ಯುವ ಸರಪಳಿಗೆ ಸುಮಾರು 30 ಅಂಶ, ಸೀಳುವುದಕ್ಕೆ 10.

ಮೊದಲ ಕೊಯ್ತವೇ ನಿಜವಾದ ಪರೀಕ್ಷೆ. ದುಂಡು ದಿಮ್ಮಿಯ ಮೇಲೆ ಚೌಕಟ್ಟು ಕೂಡಲಾರದು. ನೆಟ್ಟಗಿರುವ ಹಲಗೆಯನ್ನೋ ಏಣಿಯನ್ನೋ ಬಿಗಿದು ಅದರ ಮೇಲೆ ಜಾರಿಸಬೇಕು. ಆ ಏಣಿ ತಿರುಚಿದ್ದರೆ ಮೊದಲ ಮೈ ತಿರುಚುತ್ತದೆ. ಮುಂದಿನ ಪ್ರತಿಯೊಂದು ಹಲಗೆಯೂ ಅದನ್ನೇ ನಕಲು ಮಾಡುತ್ತದೆ. ಎರಡೂ ತುದಿಗಳಲ್ಲಿ ಒಂದೊಂದು ನೇರ ಕೋಲನ್ನು ಅಡ್ಡಲಾಗಿಟ್ಟು, ಒಂದರ ಮೇಲಿಂದ ಇನ್ನೊಂದನ್ನು ನೋಡಿದರೆ ತಿರುಚು ಕಣ್ಣಿಗೆ ಬೀಳುವುದು. ಅಲಗು ಮುಂದುವರಿದಂತೆ ಹಿಂದೆ ಬೆಣೆಗಳನ್ನು ಹಾಕುತ್ತ ಹೋಗಬೇಕು. ಹಳೆಯ ಬೇವಿನಲ್ಲಿ ಮೊಳೆಗಳಿರುವುದು ಸಾಮಾನ್ಯ; ದಾರಕ್ಕೆ ಕಟ್ಟಿದ ಆಯಸ್ಕಾಂತವನ್ನು ಬೊಡ್ಡೆಯ ಸುತ್ತ ಆಡಿಸಿದರೆ ಮೇಲುಮೇಲಿನವು ಸಿಕ್ಕಿಬೀಳುತ್ತವೆ. ಕಣ್ಣು, ಕಿವಿ, ಕಾಲುಗಳಿಗೆ ರಕ್ಷಣೆಯಿಲ್ಲದೆ ಯಂತ್ರವನ್ನು ಮುಟ್ಟಲೇಬಾರದು.

ಈ ಗರಗಸ ಮರ ಹಾಳುಮಾಡುತ್ತದೆಂಬ ಆಕ್ಷೇಪಣೆ ಸುಳ್ಳಲ್ಲ. ಪ್ರತಿ ಸೀಳಿಗೆ ಸುಮಾರು 9 ಮಿ.ಮೀ. ಹೊಟ್ಟಾಗುತ್ತದೆ; 50 ಮಿ.ಮೀ. ಹಲಗೆ ತೆಗೆದರೆ ಏಳರಲ್ಲೊಂದು ಪಾಲು ನಷ್ಟ. ಪಟ್ಟಿ ಗರಗಸದ ಮಿಲ್ಲಿನಲ್ಲಿ ಇದು ಎಷ್ಟೋ ಕಡಿಮೆ. ಆದುದರಿಂದ ದಾರಿಯಿದ್ದರೆ ಮಿಲ್ಲಿಗೇ ಒಯ್ಯಿರಿ. ನಿಂತ ಮರದ ಮಾತು ಬೇರೆ: ಅದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ. ಬಿದ್ದ ಮರಕ್ಕೂ ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸುವುದು ಲೇಸು. ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿಧಾಮ. ಅಲ್ಲಿಯ ಮರ ನಮ್ಮ ಲೆಕ್ಕಕ್ಕೆ ಸೇರದು.

ಸೀಳಿದ ಹಲಗೆಗಳ ತುದಿಗಳಿಗೆ ಅಂದೇ ಬಣ್ಣ ಬಳಿಯಬೇಕು; ನಮ್ಮ ಒಣಗಾಳಿಗೆ ತುದಿಗಳೇ ಮೊದಲು ಬಿರಿಯುತ್ತವೆ. ನೆರಳಿನಲ್ಲಿ, ನಡುನಡುವೆ ರಿಪೀಸು ಕೊಟ್ಟು, ಒಂದರ ಮೇಲೊಂದು ಪೇರಿಸಿ, ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷದಂತೆ ಕಾಯಬೇಕು.