ಬುಮ್ರಾ ಇಲ್ಲದ ಎರಡೂ ಟೆಸ್ಟ್ ಗೆದ್ದ ಭಾರತ: ಕಪಿಲ್, ಶ್ರೀನಾಥ್‌ಗೆ ಸಿಗದ ಜೊತೆಗಾರ ಸಿರಾಜ್

ಹೈದರಾಬಾದ್‌ನ ಮೆಹದಿಪಟ್ಟಣಂನಲ್ಲಿ ಇರಾನಿ ಚಹಾಕ್ಕೂ ಬರವಿಲ್ಲ, ಕ್ರಿಕೆಟ್ ವಾದಕ್ಕೂ ಬರವಿಲ್ಲ. ಮೊಹಮ್ಮದ್ ಸಿರಾಜ್ ಟೆನಿಸ್ ಬಾಲ್ ಆಡಿ ಬೆಳೆದ ಫಸ್ಟ್ ಲ್ಯಾನ್ಸರ್ ಇಲ್ಲಿಗೆ ಹತ್ತಿರ. ಹಾಗಾಗಿ ಭಾರತದ ಸಾರ್ವಕಾಲಿಕ ಶ್ರೇಷ್ಠ ವೇಗಿ ಯಾರು ಎಂಬ ಪ್ರಶ್ನೆ ದೇಶದ ಬೇರೆಡೆ ಜಸ್‌ಪ್ರೀತ್ ಬುಮ್ರಾ, ಕಪಿಲ್ ದೇವ್ ನಡುವೆ ಮುಗಿದರೆ, ಇಲ್ಲಿ ಅದಕ್ಕೊಂದು ಬಾಲ ಅಂಟಿಕೊಳ್ಳುತ್ತದೆ: ‘ನಮ್ಮ ಸಿರಾಜ್ ಬರೀ ಜೊತೆಗಾರನಾ?’

ಊರಿನ ಹುಡುಗನ ಮೇಲಿನ ಅಭಿಮಾನ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ 2025ರ ಇಂಗ್ಲೆಂಡ್ ಪ್ರವಾಸದ ಅಂಕಿ-ಅಂಶ ಅದಕ್ಕೆ ಬಿಡುವುದಿಲ್ಲ. ಐದು ಟೆಸ್ಟ್‌ಗಳ ಆ ಸರಣಿಯಲ್ಲಿ ಬುಮ್ರಾ ಆಡಿದ್ದು ಮೂರು, ಪಡೆದದ್ದು 14 ವಿಕೆಟ್. ಆ ಮೂರರಲ್ಲಿ ಭಾರತ ಎರಡನ್ನು ಸೋತಿತು, ಒಂದನ್ನು ಡ್ರಾ ಮಾಡಿಕೊಂಡಿತು. ಗೆದ್ದ ಎರಡೂ ಪಂದ್ಯಗಳಲ್ಲಿ, ಎಜ್‌ಬಾಸ್ಟನ್ ಮತ್ತು ಓವಲ್‌ನಲ್ಲಿ, ಬುಮ್ರಾ ಇರಲಿಲ್ಲ. ಭಾರತದ ವೇಗಿಗಳ ಪೈಕಿ ಐದೂ ಟೆಸ್ಟ್ ಆಡಿದವರು ಸಿರಾಜ್ ಒಬ್ಬರೇ. 185.3 ಓವರ್ ಎಸೆದು 23 ವಿಕೆಟ್ ಕಬಳಿಸಿದರು.

ಹಾಗಂತ ಬುಮ್ರಾಗಿಂತ ಸಿರಾಜ್ ದೊಡ್ಡ ಬೌಲರ್ ಎಂದರೆ ಮೆಹದಿಪಟ್ಟಣಂನಲ್ಲೂ ಬಹಳ ಮಂದಿ ಒಪ್ಪಲಿಕ್ಕಿಲ್ಲ. ಅದಕ್ಕೂ ಮೊದಲಿನ ಆಸ್ಟ್ರೇಲಿಯಾ ಪ್ರವಾಸವನ್ನೇ ನೋಡಿ. 2024-25ರ ಬಾರ್ಡರ್-ಗಾವಸ್ಕರ್ ಸರಣಿಯಲ್ಲಿ ಬುಮ್ರಾ 13.06ರ ಸರಾಸರಿಯಲ್ಲಿ 32 ವಿಕೆಟ್ ಪಡೆದರೆ, ಸಿರಾಜ್ 20 ವಿಕೆಟ್‌ಗೆ ತಲಾ 31ರಷ್ಟು ರನ್ ಕೊಟ್ಟರು. ಒಂದೇ ಪಿಚ್, ಅದೇ ಎದುರಾಳಿ, ಅದೇ ಚೆಂಡು. ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಆದರೂ ಸರಣಿ 3-1ರಿಂದ ಆಸ್ಟ್ರೇಲಿಯಾದ ಪಾಲಾಯಿತು. ಸಿಡ್ನಿಯ ಕೊನೆಯ ಇನಿಂಗ್ಸ್‌ನಲ್ಲಿ ಬೆನ್ನುನೋವಿನಿಂದ ಬುಮ್ರಾ ಚೆಂಡನ್ನೇ ಮುಟ್ಟಲಾಗಲಿಲ್ಲ. ಒಬ್ಬನ ಮೇಲೆಯೇ ಭಾರ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜಗತ್ತಿನ ಇನ್ನೊಂದು ತುದಿಯಲ್ಲಿ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪ್ರೇಮಿಗಳು ದಶಕಗಳಿಂದ ಇದೇ ವಾದದಲ್ಲಿ ಮುಳುಗಿದ್ದಾರೆ. ಮೈಕೆಲ್ ಜೋರ್ಡಾನ್ ಆರು ಬಾರಿ ಚಾಂಪಿಯನ್. ಆದರೆ 1984ರಲ್ಲಿ ಚಿಕಾಗೊ ಬುಲ್ಸ್ ಸೇರಿದ ಅವರ ತಂಡ ಮೊದಲ ಮೂರು ವರ್ಷ ಪ್ಲೇಆಫ್‌ನ ಮೊದಲ ಸುತ್ತನ್ನೇ ದಾಟಲಿಲ್ಲ. 1987ರಲ್ಲಿ ಸ್ಕಾಟಿ ಪಿಪೆನ್ ಬಂದರು. ಆರೂ ಪ್ರಶಸ್ತಿಗಳಲ್ಲಿ ಪಿಪೆನ್ ಜೊತೆಗಿದ್ದರು. ಲೆಬ್ರಾನ್ ಜೇಮ್ಸ್ 2007ರಲ್ಲಿ ಕ್ಲೀವ್‌ಲ್ಯಾಂಡ್ ತಂಡವನ್ನು ಬಹುಪಾಲು ಒಂಟಿಯಾಗಿಯೇ ಫೈನಲ್‌ಗೆ ಎಳೆದು ತಂದು 4-0ಯಿಂದ ಸೋತರು. ಐವರು ಆಡುವ ಆಟದಲ್ಲೇ ಹೀಗಾದರೆ, ಇಪ್ಪತ್ತು ವಿಕೆಟ್ ಬೇಕಿರುವ ಆಟದಲ್ಲಿ?

ಕಪಿಲ್ ಎಂಬ ಒಂಟಿ ಎತ್ತು

ಕಪಿಲ್ ದೇವ್ ಅವರ 434 ವಿಕೆಟ್‌ಗಳನ್ನು ಬುಮ್ರಾ ಅವರ ಸರಾಸರಿಯ ಪಕ್ಕದಲ್ಲಿಟ್ಟು ತೂಗುವವರು ಒಂದನ್ನು ಮರೆಯುತ್ತಾರೆ. ಕಪಿಲ್ ಆಡಿದ 1978ರಿಂದ 1994ರವರೆಗಿನ ಕಾಲದಲ್ಲಿ ಅವರನ್ನು ಬಿಟ್ಟರೆ ನೂರು ಟೆಸ್ಟ್ ವಿಕೆಟ್ ಮುಟ್ಟಿದ ಭಾರತದ ವೇಗಿ ಕರ್ಸನ್ ಘಾವ್ರಿ (109) ಮಾತ್ರ. ಮದನ್ ಲಾಲ್ 71ಕ್ಕೆ, ಚೇತನ್ ಶರ್ಮಾ 61ಕ್ಕೆ, ಬೆಂಗಳೂರಿನ ರೋಜರ್ ಬಿನ್ನಿ 47ಕ್ಕೆ ನಿಂತರು. ಇತ್ತ ಕಪಿಲ್ 131 ಟೆಸ್ಟ್ ಆಡಿದರು. ನಡುವೆ ತಪ್ಪಿಸಿಕೊಂಡದ್ದು ಒಂದೇ ಒಂದು, ಅದೂ ಗಾಯದಿಂದಲ್ಲ, ಆಯ್ಕೆಗಾರರು ಕೈಬಿಟ್ಟದ್ದರಿಂದ. ಕೆಲಸದ ಹೊರೆಯ ನಿರ್ವಹಣೆ ಎಂಬ ಮಾತೇ ಆಗ ಹುಟ್ಟಿರಲಿಲ್ಲ.

ಇನ್ನೊಂದು ತುದಿಯಲ್ಲಿ ಅಂಜಿಸುವ ವೇಗಿ ಇಲ್ಲದಿದ್ದರೆ ಬ್ಯಾಟರ್‌ಗಳ ಲೆಕ್ಕ ಸರಳ: ಕಪಿಲ್‌ರ ಓವರ್‌ಗಳನ್ನು ತಡೆದು ಆಡು, ರನ್ನನ್ನು ಆಚೆ ಕಡೆ ತೆಗೆದುಕೋ. ಒಂಟಿಯಾಗಿ ದುಡಿಯುವವನಿಗೆ ವಿಕೆಟ್‌ಗಳು ಹೆಚ್ಚು ಸಿಗಬಹುದು, ಹಂಚಿಕೊಳ್ಳುವವರು ಇಲ್ಲವಲ್ಲ. ಆದರೆ ಪ್ರತಿ ವಿಕೆಟ್‌ಗೂ ಬೆವರು ಹೆಚ್ಚು, ರನ್ ಹೆಚ್ಚು. ಕಪಿಲ್‌ರ ಸರಾಸರಿ 29.64ಕ್ಕೆ ಏರಿದ್ದರಲ್ಲಿ ತವರಿನ ಸತ್ತ ಪಿಚ್‌ಗಳಷ್ಟೇ ಈ ಒಂಟಿತನದ ಪಾಲೂ ಇದೆ. 1983ರ ಅಹಮದಾಬಾದ್ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 83 ರನ್‌ಗೆ 9 ವಿಕೆಟ್ ಕಿತ್ತರೂ ಭಾರತ 138 ರನ್‌ಗಳಿಂದ ಸೋತಿತ್ತು.

ಜೊತೆಗಾರರು ಕೈಹಿಡಿದಾಗ ಏನಾಯಿತು ಎಂಬುದಕ್ಕೂ ಉದಾಹರಣೆ ಇದೆ. 1983ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಕಪಿಲ್ ಅಲ್ಲ, ಬಿನ್ನಿ. 1986ರಲ್ಲಿ ಇಂಗ್ಲೆಂಡ್‌ನಲ್ಲಿ ಭಾರತ 2-0ಯಿಂದ ಸರಣಿ ಗೆದ್ದಾಗ ಹೆಡಿಂಗ್ಲೆಯಲ್ಲಿ ಬಿನ್ನಿ ಐದು ವಿಕೆಟ್ ಗೊಂಚಲು ಪಡೆದರು, ಎಜ್‌ಬಾಸ್ಟನ್‌ನಲ್ಲಿ ಚೇತನ್ ಶರ್ಮಾ ಹತ್ತು ವಿಕೆಟ್ ಉರುಳಿಸಿದರು. ಪಂದ್ಯದಲ್ಲಿ 188ಕ್ಕೆ 10 ಎಂಬ ಚೇತನ್ ಸಾಧನೆಯನ್ನು 2025ರಲ್ಲಿ ಅದೇ ಮೈದಾನದಲ್ಲಿ ಕೇವಲ ಒಂದು ರನ್ ಅಂತರದಲ್ಲಿ ಹಿಂದಿಕ್ಕಿದ್ದು ಆಕಾಶ್ ದೀಪ್. ಅವರೂ ಬುಮ್ರಾ ಜಾಗಕ್ಕೆ ಬಂದವರೇ.

ಮೈಸೂರು ಎಕ್ಸ್‌ಪ್ರೆಸ್‌ಗೆ ಮುನ್ನೂರು ಯಾಕೆ ಸಿಗಲಿಲ್ಲ?

ಕನ್ನಡಿಗರಿಗೆ ಹೆಚ್ಚು ನೋಯುವುದು ಜಾವಗಲ್ ಶ್ರೀನಾಥ್ ಕಥೆ. 1991ರಲ್ಲೇ ಬ್ರಿಸ್ಬೇನ್‌ನಲ್ಲಿ ಪದಾರ್ಪಣೆ ಮಾಡಿದ ಅವರಿಗೆ ತವರಿನಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರಲ್ಲಿ, ಕಪಿಲ್ ನಿವೃತ್ತರಾದ ಮೇಲೆ. ಅತ್ಯಂತ ವೇಗವಾಗಿ ಎಸೆಯಬಲ್ಲ ವಯಸ್ಸಿನ ಮೂರು ವರ್ಷ ತವರಿನಲ್ಲಿ ಬೆಂಚಿನ ಮೇಲೆ ಕಳೆದವು. ಆಮೇಲೆ ಸಿಕ್ಕಿದ್ದು ಒಂಟಿ ಎತ್ತಿನ ದುಡಿಮೆಯೇ. ವೆಂಕಟೇಶ್ ಪ್ರಸಾದ್ ಇದ್ದಷ್ಟು ದಿನ ಎರಡೂ ತುದಿಯಿಂದ ಕರ್ನಾಟಕವೇ ಹೊಸ ಚೆಂಡು ಎಸೆಯಿತು. ಪ್ರಸಾದ್ ಮಾತ್ರ 33 ಟೆಸ್ಟ್‌ಗಳಲ್ಲಿ 96 ವಿಕೆಟ್‌ಗೆ ನಿಂತರು. 1997ರಲ್ಲಿ ಭುಜದ ಗಾಯ ಶ್ರೀನಾಥ್‌ರನ್ನು ವೆಸ್ಟ್ ಇಂಡೀಸ್ ಪ್ರವಾಸದಿಂದಲೇ ಹೊರಗಿಟ್ಟಿತು. 67 ಟೆಸ್ಟ್, 236 ವಿಕೆಟ್, ಸರಾಸರಿ 30.49.

1999ರ ಪಾಕಿಸ್ತಾನ ವಿರುದ್ಧದ ಪಂದ್ಯಗಳು ಇಡೀ ವಾದವನ್ನು ಒಂದೇ ತಿಂಗಳಲ್ಲಿ ತೋರಿಸಿಕೊಟ್ಟವು. ಚೆನ್ನೈನಲ್ಲಿ ಪ್ರಸಾದ್ 33ಕ್ಕೆ 6 ವಿಕೆಟ್, ಭಾರತಕ್ಕೆ 12 ರನ್ ಸೋಲು. ಕೋಲ್ಕತ್ತದಲ್ಲಿ ಶ್ರೀನಾಥ್ ಪಂದ್ಯಕ್ಕೆ 13 ವಿಕೆಟ್, 46 ರನ್ ಸೋಲು. (ಅದೇ ಈಡನ್ ಗಾರ್ಡನ್ಸ್‌ನಲ್ಲಿ 2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಬುಮ್ರಾ 27ಕ್ಕೆ 5 ವಿಕೆಟ್ ಪಡೆದರೂ 124ರ ಗುರಿ ಬೆನ್ನಟ್ಟಲಾಗದೆ ಭಾರತ 93ಕ್ಕೆ ಕುಸಿಯಿತು. ಜೊತೆಗಾರರೆಂದರೆ ಬೌಲರ್‌ಗಳಷ್ಟೇ ಅಲ್ಲ.) ನಡುವಿನ ದೆಹಲಿ ಟೆಸ್ಟ್‌ನಲ್ಲಿ ಅನಿಲ್ ಕುಂಬ್ಳೆ ಹತ್ತಕ್ಕೆ ಹತ್ತು ವಿಕೆಟ್ ಪಡೆದರು. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕೆಂದೇ ಸ್ಟಂಪ್‌ನಿಂದ ದೂರ ದೂರ ಎಸೆದರು. ಆ ಓವರ್ ಯಾವ ದಾಖಲೆ ಪುಸ್ತಕದಲ್ಲೂ ಶ್ರೀನಾಥ್ ಸಾಧನೆ ಎಂದು ನಮೂದಾಗುವುದಿಲ್ಲ. ಅಂದು ನಾಯಕರಾಗಿದ್ದವರು ಹೈದರಾಬಾದ್‌ನ ಮೊಹಮ್ಮದ್ ಅಜರುದ್ದೀನ್.

ಬುಮ್ರಾ ಅವರ ಭಾಗ್ಯ ಬೇರೆ. 2018ರಲ್ಲಿ ಟೆಸ್ಟ್‌ಗೆ ಕಾಲಿಟ್ಟಾಗ ಇಶಾಂತ್ ಶರ್ಮಾ, ಮೊಹಮ್ಮದ್ ಶಮಿ ಆಗಲೇ ಪಳಗಿದ್ದರು. ಒಬ್ಬರು 311, ಇನ್ನೊಬ್ಬರು 229 ವಿಕೆಟ್ ಪಡೆದವರು. ಕಪಿಲ್‌ಗಾಗಲಿ ಶ್ರೀನಾಥ್‌ಗಾಗಲಿ ಇಂಥ ಒಬ್ಬರೂ ಇರಲಿಲ್ಲ, ಬುಮ್ರಾಗೆ ಇಬ್ಬರಿದ್ದರು. ಅವರು ಬದಿಗೆ ಸರಿಯುವ ಹೊತ್ತಿಗೆ ಸಿರಾಜ್ ಬಂದರು. 200 ವಿಕೆಟ್ ತಲುಪಿದಾಗಲೂ ಸರಾಸರಿ 20ರೊಳಗಿದ್ದದ್ದು ಬುಮ್ರಾ ಪ್ರತಿಭೆಯ ಫಲ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ 1980ರ ದಶಕದ ತಂಡದಲ್ಲಿ ಅವರ ದೇಹ 131 ಟೆಸ್ಟ್ ತಾಳುತ್ತಿತ್ತೇ ಎಂದು ಕೇಳಿದರೆ ಕಪಿಲ್ ಕಡೆಗೆ ತಕ್ಕಡಿ ಸ್ವಲ್ಪ ವಾಲುತ್ತದೆ.

ಸಿರಾಜ್ ವಿಷಯಕ್ಕೆ ಮರಳಿದರೆ, ಆಟೊ ಚಾಲಕನ ಮಗ ಎಂಬ ಕಥೆಯನ್ನು ಎಲ್ಲರೂ ಹೇಳಿ ಆಗಿದೆ. ಅಷ್ಟು ಹೇಳದೆ ಉಳಿದದ್ದು, ಜೊತೆಗಾರ ಎಂಬ ಪಟ್ಟ ಎಷ್ಟು ಅಭದ್ರ ಎಂಬುದು. 2020ರ ನವೆಂಬರ್‌ನಲ್ಲಿ ತಂದೆ ತೀರಿಕೊಂಡಾಗಲೂ ಆಸ್ಟ್ರೇಲಿಯಾದಲ್ಲೇ ಉಳಿದು, ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಐದು ವಿಕೆಟ್ ಪಡೆದವರು 2025ರ ಚಾಂಪಿಯನ್ಸ್ ಟ್ರೋಫಿ ತಂಡದಲ್ಲಿ ಇರಲಿಲ್ಲ. ಆರ್‌ಸಿಬಿ ಕೂಡ ಅವರನ್ನು ಉಳಿಸಿಕೊಳ್ಳಲಿಲ್ಲ. ಬುಮ್ರಾಗೆ ವಿಶ್ರಾಂತಿ ಕೊಡಲು ಯೋಜನೆ ಇರುತ್ತದೆ, ಸಿರಾಜ್‌ಗೆ ಸಿಗುವುದು ಹೆಚ್ಚಿನ ಓವರ್ ಅಥವಾ ಹೊರದಾರಿ. ತಂಡದ ಆಡಳಿತ ಉತ್ತರಿಸಬೇಕಾದ ಪ್ರಶ್ನೆ ಇದು. ಒಬ್ಬರ ಬೆನ್ನು ಉಳಿಸಲು ಇನ್ನೊಬ್ಬರ ಭುಜ ಸವೆಸಿದರೆ ಶ್ರೀನಾಥ್ ಕಥೆ ಮತ್ತೆ ಹೊಸ ಹೆಸರಿನಲ್ಲಿ ಬರುತ್ತದೆ.

ಹೈದರಾಬಾದ್‌ಗೆ ಈ ಪಾತ್ರ ಹೊಸದಲ್ಲ. 2025ರ ಮಾರ್ಚ್‌ನಲ್ಲಿ ನಿಧನರಾದ ಈ ಊರಿನ ಸೈಯದ್ ಅಬಿದ್ ಅಲಿ, ಪ್ರಸನ್ನ, ಚಂದ್ರಶೇಖರ್, ಬೇಡಿ ಕೈಗೆ ಚೆಂಡು ಹೋಗುವ ಮುನ್ನ ಅದರ ಹೊಳಪು ತೆಗೆಯುವ ನಾಲ್ಕಾರು ಓವರ್‌ಗಳ ಬೌಲರ್ ಎಂದೇ ಹೆಸರಾಗಿದ್ದವರು. 29 ಟೆಸ್ಟ್‌ಗಳಲ್ಲಿ ಅವರಿಗೆ ದಕ್ಕಿದ್ದು 47 ವಿಕೆಟ್. ಚಂದ್ರಶೇಖರ್ 38ಕ್ಕೆ 6 ವಿಕೆಟ್ ಪಡೆದು ಗೆಲುವಿನ ದಾರಿ ತೆರೆದ 1971ರ ಓವಲ್ ಟೆಸ್ಟ್‌ನಲ್ಲಿ ಕೊನೆಯ ಬೌಂಡರಿ ಬಂದದ್ದು ಅಬಿದ್ ಬ್ಯಾಟಿನಿಂದ. ಐವತ್ನಾಲ್ಕು ವರ್ಷಗಳ ನಂತರ, ಆಗಸ್ಟ್ 4ರಂದು, ಅದೇ ಮೈದಾನದಲ್ಲಿ ಇಂಗ್ಲೆಂಡ್‌ಗೆ ಬೇಕಿದ್ದದ್ದು 35 ರನ್, ಕೈಯಲ್ಲಿದ್ದದ್ದು ನಾಲ್ಕು ವಿಕೆಟ್. ಹಿಂದಿನ ದಿನ ಹ್ಯಾರಿ ಬ್ರೂಕ್ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದಿದ್ದ ಸಿರಾಜ್ ಅಂದು ಬೆಳಿಗ್ಗೆ ಮೂರು ವಿಕೆಟ್ ಕಿತ್ತರು, ಉಳಿದೊಂದು ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಪಾಲಾಯಿತು. ಗಸ್ ಅಟ್ಕಿನ್ಸನ್ ಸ್ಟಂಪ್ ಹಾರಿಸಿದ ಯಾರ್ಕರ್ ಆ ಇನಿಂಗ್ಸ್‌ನಲ್ಲಿ ಸಿರಾಜ್ ಎಸೆದ ಮೂವತ್ತೊಂದನೇ ಓವರ್‌ನ ಮೊದಲ ಎಸೆತ. ಭಾರತ ಗೆದ್ದದ್ದು ಆರು ರನ್‌ಗಳಿಂದ.