ಕೈಗೊಪ್ಪುವ ಹ್ಯಾಂಡಲ್ಲು

ಕಾಲಿಗೆ ತೊಡುವ ಚಪ್ಪಲಿಗಾಗಿ ಮನುಷ್ಯನು ಮೂರು ಅಂಗಡಿಗಳ ಮೆಟ್ಟಿಲನ್ನು ಹತ್ತಿ ಇಳಿಯುತ್ತಾನೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುತ್ತಾನೆ. ಬೆರಳಿಗೆ ಒತ್ತಿದರೆ ಒಲ್ಲೆನೆನ್ನುತ್ತಾನೆ. ಆದರೆ ಹತ್ತು ವರ್ಷ ಹಿಡಿದುಕೊಂಡು ತಿರುಗಬೇಕಾದ ಮೋಟಾರು ಸೈಕಲ್ಲಿನ ಹ್ಯಾಂಡಲ್ಲನ್ನು ಮಾತ್ರ, ಕಾರ್ಖಾನೆಯವರು ಕೊಟ್ಟುದೇ ಪ್ರಸಾದವೆಂದು ಸ್ವೀಕರಿಸುತ್ತಾನೆ. ಇಲ್ಲವೆ, ಬೇಸರ ಬಂದ ದಿನ ಅದನ್ನು ಕಿತ್ತೆಸೆದು, ಕಣ್ಣಿಗೆ ಚೆಂದವಾಗಿ ಕಂಡ ಇನ್ನೊಂದನ್ನು ತಂದು ಕೂರಿಸುತ್ತಾನೆ. ಈ ಎರಡೂ ದಾರಿಗಳಲ್ಲಿ ನಡೆದು, ಎರಡರಲ್ಲಿಯೂ ಎಡವಿದ ಮಾಸ್ತರರೊಬ್ಬರ ಕಥೆ ಬಸವಕಲ್ಯಾಣ ಹುಮನಾಬಾದುಗಳ ನಡುವಣ ದಾರಿಗೆ ಸೇರಿದುದು.

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ಆ ಮಾಸ್ತರರ ಮನೆ. ಹುಮನಾಬಾದಿನ ಪ್ರೌಢಶಾಲೆಯಲ್ಲಿ ಅವರ ಉದ್ಯೋಗ. ಊರಿನಿಂದ ಸಸ್ತಾಪುರ ಬಂಗ್ಲಾದವರೆಗೆ ಬಂದರೆ ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿನತ್ತ ಹೋಗುವ ಹೆದ್ದಾರಿ ಸಿಗುತ್ತದೆ. ಹಿಂದೆ 9ನೆಯ ಸಂಖ್ಯೆಯದಾಗಿದ್ದು ಈಗ 65 ಎಂದು ಕರೆಯಿಸಿಕೊಳ್ಳುವ ಆ ರಸ್ತೆ ನಾಲ್ಕು ಪಥಗಳದು. ಹಗಲಿರುಳೂ ಲಾರಿಗಳ ಸಾಲು. ರಾಜೇಶ್ವರವನ್ನು ದಾಟಿ ಹುಮನಾಬಾದನ್ನು ಸೇರಲು ಸುಮಾರು 30 ಕಿಲೋಮೀಟರು. ಹೋಗುವುದು, ಬರುವುದು ಎರಡೂ ಕೂಡಿದರೆ ದಿನಕ್ಕೆ 60. ಬೇಸಗೆಯ ರಜೆ ಬಂದಿತೆಂದರೆ ಅದೇ 350 ಸಿ.ಸಿ.ಯ ಒಂಟಿ ಸಿಲಿಂಡರಿನ ಗಾಡಿಯ ಮೇಲೆ ದೂರದ ಊರುಗಳನ್ನು ನೋಡಿಬರುವುದು ಅವರಿಗಿದ್ದ ಏಕೈಕ ಚಟ. ಹುಮನಾಬಾದಿನಿಂದ 50ನೆಯ ಹೆದ್ದಾರಿಯನ್ನು ಹಿಡಿದು ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರಗಳ ಮೇಲೆ ಹೊಸಪೇಟೆಗೆ ಇಳಿದು, ಮಗಳಿಗೆ ಹಂಪೆಯನ್ನು ತೋರಿಸಬೇಕೆಂಬುದು ಅವರ ಬಹುದಿನದ ಸಂಕಲ್ಪವಾಗಿತ್ತು. ಒಂದೇ ಕಡೆಗೆ 400 ಕಿಲೋಮೀಟರಿಗೂ ಮೀರಿದ ಪ್ರಯಾಣವದು.

ಅಡ್ಡಿಯಾದುದು ಬಲಗೈಯ ಕಿರುಬೆರಳು. ರಾಜೇಶ್ವರ ಬರುವಷ್ಟರಲ್ಲಿ ಅದು ಜೋಮುಹಿಡಿಯುತ್ತಿತ್ತು. ಶಾಲೆಯನ್ನು ತಲಪಿ ಸೀಮೆಸುಣ್ಣವನ್ನು ಹಿಡಿದಾಗ ಉಂಗುರದ ಬೆರಳೂ ತನ್ನದಲ್ಲವೆಂಬಂತೆ ಇರುತ್ತಿತ್ತು. ಅವರು ಪಟ್ಟಣವೊಂದರ ಅಲಂಕಾರ ಸಾಮಗ್ರಿಯ ಅಂಗಡಿಗೆ ಹೋಗಿ ಕಷ್ಟವನ್ನು ಹೇಳಿಕೊಂಡರು. ಅಂಗಡಿಯವನು ಭುಜದೆತ್ತರಕ್ಕೆ ಏಳುವ, ಥಳಥಳಿಸುವ ಹ್ಯಾಂಡಲ್ಲೊಂದನ್ನು ತೆಗೆದು ತೋರಿಸಿ, ದೂರದ ಪ್ರಯಾಣಕ್ಕೆ ಇದನ್ನು ಮೀರಿದುದು ಬೇರೆ ಇಲ್ಲವೆಂದನು. ಅರ್ಧ ಗಂಟೆಯಲ್ಲಿ ಅದು ಗಾಡಿಯ ಮೇಲೆ ಕುಳಿತುಬಿಟ್ಟಿತು. ಮಾಸ್ತರರ ಅಳತೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಕೇಬಲ್ಲುಗಳ ಅಳತೆಯನ್ನೂ ಯಾರೂ ನೋಡಲಿಲ್ಲ.

ಮೂರನೆಯ ದಿನ ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದವರು, ಹೆದ್ದಾರಿಯ ವಿಭಜಕದ ತೆರಪಿನಲ್ಲಿ ಗಾಡಿಯನ್ನು ತಿರುಗಿಸಬೇಕಾಯಿತು. ಹ್ಯಾಂಡಲ್ಲನ್ನು ಕೊನೆಯವರೆಗೆ ತಿರುವಿದೊಡನೆ, ಕೈ ಆಡಿಸದಿದ್ದರೂ ಇಂಜಿನ್ನು ತಾನಾಗಿ ಅಬ್ಬರಿಸಿತು; ಗಾಡಿ ಮುಂದಕ್ಕೆ ಜಿಗಿಯಿತು. ಎದುರಿನಿಂದ ಕಬ್ಬಿನ ಲಾರಿ ಬರುತ್ತಿತ್ತು. ಮಾಸ್ತರರು ಕ್ಲಚ್ಚನ್ನು ಅವಚಿ ಹಿಡಿದರು. ಮಗಳು ಎರಡೂ ಕಾಲುಗಳನ್ನು ನೆಲಕ್ಕೆ ಊರಿದಳು. ಲಾರಿ ಗೇಣು ದೂರದಲ್ಲಿ ದಾಟಿ ಹೋಯಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಮನೆ ಸೇರುವವರೆಗೆ ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ.

ಕಾರಣವು ಸರಳವಾದುದು. ಎತ್ತರದ ಹ್ಯಾಂಡಲ್ಲಿಗೆ ಹಳೆಯ ಎಕ್ಸಿಲೇಟರಿನ ಕೇಬಲ್ಲು ಸಾಲದೆ ಬಂದಿತ್ತು. ನೇರವಾಗಿ ಹೋಗುವಾಗ ಅದು ಹೇಗೋ ಎಟಕುತ್ತಿತ್ತು; ಹ್ಯಾಂಡಲ್ಲು ತಿರುಗಿದಾಗ ಬಿಗಿದು, ತಾನೇ ಎಕ್ಸಿಲೇಟರನ್ನು ಎಳೆಯುತ್ತಿತ್ತು. ಕೇಬಲ್ಲಿನ ಬದಲು ಬ್ರೇಕಿನ ಎಣ್ಣೆಯ ಕೊಳವೆ ಹೀಗೆ ಬಿಗಿದಿದ್ದರೆ ಅದು ದಿನದಿನಕ್ಕೆ ಸವೆದು, ಒಂದು ದಿನ ಮುಂದಿನ ಬ್ರೇಕೇ ಇಲ್ಲವಾಗುತ್ತಿತ್ತು. ದೀಪದ ತಂತಿಗಳು ಬಿಗಿದಿದ್ದರೆ ಕತ್ತಲಲ್ಲಿ ದೀಪ ಆರುತ್ತಿತ್ತು.

ಮರುದಿನ ಮಾಸ್ತರರು ಹುಮನಾಬಾದಿನ ವೃದ್ಧ ಮಿಸ್ತ್ರಿಯೊಬ್ಬನ ಬಳಿಗೆ ಹೋದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಯೆಜ್ದಿಗಳನ್ನೂ, ಮದರಾಸಿನ ಬುಲೆಟ್ಟುಗಳನ್ನೂ ಬಿಚ್ಚಿ ಕಟ್ಟಿಯೇ ಕೂದಲು ನರೆತವನು ಆತ. ಗಾಡಿಯನ್ನು ಒಂದು ಸುತ್ತು ನೋಡಿ, “ಮಾಸ್ತರ್, ಅಂಗಿ ಹೊಲಿಸ್ಲಿಕ್ಕ ಹೋದ್ರ ಟೇಲರ್ ಮೈ ಅಳತಿ ತಗೋತಾನ. ಈ ಹ್ಯಾಂಡಲ್ ಹಾಕೂ ಮುಂದ ನಿಮ್ಮ ಅಳತಿ ಯಾರು ತಗೊಂಡಾರ?” ಎಂದು ಕೇಳಿದನು. ಮಾಸ್ತರರಲ್ಲಿ ಉತ್ತರವಿರಲಿಲ್ಲ.

ಆತನು ಮೊದಲು ಕೇಳಿದ್ದು, ಯಾವ ಬೆರಳು ಜೋಮುಹಿಡಿಯುತ್ತದೆಯೆಂದು. ವೈದ್ಯಶಾಸ್ತ್ರವೂ ಇದೇ ಪ್ರಶ್ನೆಯನ್ನು ಕೇಳುತ್ತದೆ. ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಸ್ಪರ್ಶವನ್ನು ಕೊಡುವ ನರವು ಮೊಣಕೈಯ ಒಳಬದಿಯಿಂದ ಇಳಿದು, ಅಂಗೈಯ ಬುಡದಲ್ಲಿ ಕಿರುಬೆರಳಿನ ಕಡೆಗೆ ಹಾದುಹೋಗುತ್ತದೆ. ಸವಾರನು ಮುಂದಕ್ಕೆ ಬಾಗಿ ಮೈಭಾರವನ್ನು ಅಂಗೈಯ ಬುಡದ ಮೇಲೆ ಹಾಕಿದರೆ ಆ ನರವು ಒತ್ತುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನರವಾದರೋ ಮಣಿಕಟ್ಟಿನ ನಡುವೆ ಹಾಯುವುದು. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮಡಚಿಕೊಂಡಿದ್ದರೆ, ಅಥವಾ ಹಿಡಿಯನ್ನು ಭಯದಿಂದೆಂಬಂತೆ ಬಿಗಿದು ಹಿಡಿದರೆ ಅದಕ್ಕೆ ಪೀಡೆ. ಐದೂ ಬೆರಳುಗಳು ಜುಮ್ಮೆನ್ನುತ್ತಿದ್ದರೆ ಇಂಜಿನ್ನಿನ ನಡುಕವೂ ಅದರಲ್ಲಿ ಪಾಲುಗಾರನಿರಬಹುದು. ಗಾಡಿಯಿಂದ ಇಳಿದು ಬಹಳ ಹೊತ್ತಾದರೂ ಜೋಮು ಹೋಗದಿದ್ದರೆ, ರಾತ್ರಿ ನಿದ್ರೆಯಲ್ಲಿಯೂ ಎಚ್ಚರಿಸುತ್ತಿದ್ದರೆ, ಅದು ಮಿಸ್ತ್ರಿಯ ಕೆಲಸವಲ್ಲ. ಸಕ್ಕರೆ ಕಾಯಿಲೆಯಿಂದಲೂ ಹಾಗಾಗುವುದುಂಟಾದುದರಿಂದ ವೈದ್ಯರಲ್ಲಿಗೆ ಹೋಗಬೇಕು.

ಎರಡನೆಯದಾಗಿ ಮಿಸ್ತ್ರಿಯು ಹೊಸ ಹ್ಯಾಂಡಲ್ಲನ್ನು ತೆಗೆದು ಹಳೆಯದನ್ನೇ ತರಿಸಿದನು. ಇದ್ದುದನ್ನು ಸರಿಪಡಿಸಿ ನೋಡದೆ ಹೊಸದನ್ನು ಕೊಳ್ಳಬಾರದೆಂಬುದು ಆತನ ಶಾಸ್ತ್ರ. ಹ್ಯಾಂಡಲ್ಲನ್ನು ಹಿಡಿದಿರುವ ಕ್ಲಾಂಪಿನ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಸವಾರನತ್ತ ತುಸುವೇ ಹೊರಳಿಸಿದನು. ಬ್ರೇಕು, ಕ್ಲಚ್ಚುಗಳ ಲಿವರುಗಳನ್ನು, ಬೆರಳು ಚಾಚಿದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಾಗುವಂತೆ ಕೆಳಕ್ಕೆ ಬಾಗಿಸಿದನು. ಇದಕ್ಕೆ ತಗಲಿದ ಖರ್ಚು ಸೊನ್ನೆ. ಆ ವಾರದ ಸವಾರಿಯಲ್ಲಿ ಮಾಸ್ತರರ ಜೋಮು ಅರ್ಧಕ್ಕೆ ಇಳಿಯಿತು.

ಉಳಿದರ್ಧಕ್ಕೆ ಅಳತೆ ಬೇಕಾಯಿತು. ಮಾಸ್ತರರನ್ನು ಗಾಡಿಯ ಮೇಲೆ ಎಂದಿನಂತೆ ಕೂರಿಸಿ, ಬೆನ್ನನ್ನು ಸಹಜವಾಗಿ ಬಿಟ್ಟು, ಭುಜಗಳನ್ನು ಇಳಿಸಿ, ಕಣ್ಣು ಮುಚ್ಚಿ ಕೈ ಚಾಚಲು ಮಿಸ್ತ್ರಿ ಹೇಳಿದನು. ಕೈಗಳು ತಾವಾಗಿ ನಿಂತ ತಾಣವು ಹಿಡಿಗಳಿಗಿಂತ ಒಂದಂಗುಲ ಮೇಲಕ್ಕೂ ಒಂದೂವರೆ ಅಂಗುಲ ಹಿಂದಕ್ಕೂ ಇತ್ತು. ಬೇಕಾಗಿದ್ದುದು ಅಷ್ಟೇ, ಭುಜದೆತ್ತರವಲ್ಲ. ಮೊಣಕೈ ತುಸು ಬಾಗಿರಬೇಕು, ಮಣಿಕಟ್ಟು ನೆಟ್ಟಗಿರಬೇಕು, ಕೈಗಳ ಮೇಲೆ ಮೈಭಾರ ಬೀಳಬಾರದು. ಈ ಮೂರೇ ಲಕ್ಷಣಗಳು. ಹ್ಯಾಂಡಲ್ಲು ಅತಿಯಾಗಿ ತಗ್ಗಿದ್ದರೆ ಭಾರವೆಲ್ಲ ಅಂಗೈಗೆ. ಅತಿಯಾಗಿ ಎತ್ತರವಿದ್ದರೆ ಎದೆಗೆ ಬಡಿಯುವ ಗಾಳಿಯು ಸವಾರನನ್ನು ಹಿಂದಕ್ಕೆ ನೂಕಿ, ಅವನು ಹಿಡಿಗೆ ಜೋತುಬೀಳುವಂತಾಗುತ್ತದೆ. ಅಗಲ ಹೆಚ್ಚಾದರೆ ತಿರುಗಿಸಲು ಹಗುರ, ಆದರೆ ತೋಳುಗಳು ಚಾಚಿ ಭುಜ ದಣಿಯುತ್ತದೆ. ಕಡಮೆಯಾದರೆ ಸಂದಿಯಲ್ಲಿ ನುಸುಳಲು ಅನುಕೂಲ, ತಿರುಗಿಸಲು ಬಲ ಹೆಚ್ಚು ಬೇಕು.

ಕೊಳ್ಳುವಾಗ ನೋಡಬೇಕಾದ ಇನ್ನೊಂದು ಸಂಗತಿ ಕೊಳವೆಯ ದಪ್ಪ. ಬಹುಪಾಲು ಗಾಡಿಗಳಲ್ಲಿ ಅದು 22 ಮಿಲಿಮೀಟರು, ಕೆಲವು ಗಾಡಿಗಳಲ್ಲಿ ಒಂದಂಗುಲ, ನಡುವೆ 28.6 ಮಿಲಿಮೀಟರಿನ ದಪ್ಪವುಳ್ಳವೂ ಇವೆ. ಕ್ಲಾಂಪಿಗೆ ಹೊಂದದ ಕೊಳವೆಯನ್ನು ತಗಡಿನ ತುಂಡು ಸೇರಿಸಿ ಕೂರಿಸುವುದು ಪ್ರಾಣದೊಡನೆ ಆಡುವ ಆಟ. ನಡುಕ ಹೆಚ್ಚಿದ್ದರೆ ಹಿಡಿಗಳ ತುದಿಗೆ ಲೋಹದ ಗುಂಡುಗಳನ್ನು ತೊಡಿಸುವುದರಿಂದ ಪ್ರಯೋಜನವುಂಟು. ಆ ತೂಕವು ಕೊಳವೆಯ ಅದುರುವಿಕೆಯನ್ನು ತಗ್ಗಿಸುತ್ತದೆ.

ಕಾನೂನನ್ನೂ ಮರೆಯಲಾಗದು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಮಾರ್ಪಾಡೊಂದಕ್ಕೆ 5,000 ರೂಪಾಯಿಗಳ ದಂಡ, ಇಲ್ಲವೆ ಎರಡೂ ಬಂದುವು. ಆದುದರಿಂದ ಆ ಮಾದರಿಗೆಂದು ತಯಾರಕರೇ ಒದಗಿಸುವ ಹ್ಯಾಂಡಲ್ಲನ್ನು ಆರಿಸುವುದೂ, ಸಂದೇಹವಿದ್ದರೆ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದೂ ವಿವೇಕ.

ಮಾಸ್ತರರ ಅಳತೆಗೆ ಹೊಂದುವ, 22 ಮಿಲಿಮೀಟರಿನ ಸಾದಾ ಉಕ್ಕಿನ ಹ್ಯಾಂಡಲ್ಲೊಂದು ತಯಾರಕರ ಪಟ್ಟಿಯಲ್ಲಿಯೇ ಸಿಕ್ಕಿತು. ಎತ್ತರದ ವ್ಯತ್ಯಾಸ ಅಲ್ಪವಾದುದರಿಂದ ಹಳೆಯ ಕೇಬಲ್ಲುಗಳೇ, ದಾರಿಯನ್ನು ತುಸು ಬದಲಿಸಿದೊಡನೆ, ಸಾಕಾದುವು. ಬೋಲ್ಟುಗಳನ್ನು ಬಿಗಿದ ಮೇಲೂ ಮಿಸ್ತ್ರಿ ಗಾಡಿಯನ್ನು ಬಿಟ್ಟುಕೊಡಲಿಲ್ಲ. ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ನನ್ನು ಚಾಲೂ ಮಾಡಿ, ಹ್ಯಾಂಡಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ಮೂರು ಸಲ ತಿರುವಿದನು. ಇಂಜಿನ್ನಿನ ಸದ್ದು ಒಂದಿನಿತೂ ಏರಲಿಲ್ಲ. ಯಾವ ತಂತಿಯೂ ಬಿಗಿಯಲಿಲ್ಲ. ಹಿಡಿ ಟಾಂಕಿಗೆ ತಗಲಲಿಲ್ಲ. ಬೆರಳು ನಡುವೆ ಸಿಕ್ಕಿಕೊಳ್ಳಲಿಲ್ಲ. ನೂರು ಕಿಲೋಮೀಟರು ಓಡಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ನೋಡಿಸಿಕೊಂಡು ಹೋಗಬೇಕೆಂದು ಹೇಳಿ ಕಳುಹಿಸಿದನು.

ರಜೆ ಬಂದಿತು. ಹಂಪೆಗೆ ಹೊರಡುವ ದಿನ ಬೆಳಗಿನ ಜಾವ ಗಂಟು ಕಟ್ಟಿ, ಮಾಸ್ತರರು ಗಾಡಿಯನ್ನು ಚಾಲೂ ಮಾಡಿ ಮಗಳನ್ನು ಕರೆದರು. ಆಕೆ ಅಂಗಳದಲ್ಲಿಯೇ ನಿಂತಿದ್ದಳು.

“ಅಪ್ಪಾ, ಒಮ್ಮಿ ಎರಡೂ ಕಡಿಗಿ ಪೂರಾ ತಿರುಗಿಸಿ ತೋರಸ್ರಿ” ಎಂದಳು.

ಮಾಸ್ತರರು ಮಾತಿಲ್ಲದೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೊನೆಯವರೆಗೆ ತಿರುವಿ ತೋರಿಸಿದರು. ಇಂಜಿನ್ನು ಒಂದೇ ಸಮನೆ ಮಿಡಿಯುತ್ತಿತ್ತು. ಆಕೆ ತಲೆಗೆ ಹೆಲ್ಮೆಟ್ಟನ್ನು ತೊಟ್ಟುಕೊಂಡು ಹಿಂದೆ ಹತ್ತಿ ಕುಳಿತಳು.