ಪತ್ತೇದಾರನಿಗೂ ಒಂದು ಕುರ್ಚಿ ಹಾಕಿ, ಸ್ವಾಮಿ!

ಮೊನ್ನೆ ಚಾಮರಾಜಪೇಟೆಯ ಹೋಟೆಲೊಂದರಲ್ಲಿ ಹಳೇ ಪರಿಚಯದವರೊಬ್ಬರು ಸಿಕ್ಕರು. ಹಗಲು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಾರೆ, ರಾತ್ರಿ ಪತ್ತೇದಾರಿ ಕಾದಂಬರಿ ಬರೆಯುತ್ತಾರೆ. ಕಾಫಿ ಬರುವುದಕ್ಕೆ ಮೊದಲೇ, "ಸಾರ್, ಹೆಣ ನೀರಲ್ಲಿ ಎಷ್ಟು ದಿನ ಇದ್ರೆ ಮೇಲಕ್ಕೆ ತೇಲುತ್ತೆ?" ಅಂದರು. ಪಕ್ಕದ ಟೇಬಲ್ಲಿನವರು ಇಡ್ಲಿ ಬಿಟ್ಟು ನಮ್ಮನ್ನೇ ನೋಡಿದರು.

ಇಂಥದ್ದನ್ನು ಕೇಳಲು ಅವರಿಗೆ ನನ್ನ ಬಿಟ್ಟರೆ ಯಾರೂ ಇಲ್ಲ. ನಾನೋ ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು. ಪೊಲೀಸ್ ಠಾಣೆ ಸುತ್ತಿದ್ದೊಂದೇ ಬಂಡವಾಳ. ಅವರ ಕಷ್ಟ ನೋಡಿ: ಕೊಲೆಗಾರ ಯಾರೆಂದು ಮನೆಯವರಿಗೆ ಹೇಳಿದರೆ ಅವರು ಪುಸ್ತಕ ಮುಟ್ಟೋದಿಲ್ಲ. ಹೇಳದಿದ್ದರೆ ಕಥೆಯಲ್ಲಿರುವ ತೂತು ಗೊತ್ತಾಗೋದಿಲ್ಲ. ಇದೇ ಕಸುಬಿನವನೊಬ್ಬ ಎದುರಿಗೆ ಕೂತರೆ ತಾನೆ, "ಚಿಲಕ ಒಳಗಿಂದ ಹಾಕಿತ್ತು ಅಂದ್ರಿ, ಮತ್ತೆ ಬೆಕ್ಕು ಹೊರಗೆ ಹೇಗೆ ಬಂತು?" ಅಂತ ಹಿಡಿಯೋದು?

ಒಮ್ಮೆ ಸಾಹಿತಿಗಳ ಸಮಾರಂಭವೊಂದಕ್ಕೆ ಆಸೆಯಿಂದ ಹೋಗಿದ್ದರಂತೆ. "ಇವರು ಬಸ್‌ಸ್ಟ್ಯಾಂಡ್ ಕಾದಂಬರಿ ಬರೀತಾರೆ" ಎಂದು ಯಾರೋ ಪರಿಚಯ ಮಾಡಿಸಿದರು. ಸುತ್ತ ಇದ್ದವರು ನಕ್ಕರು. ಇವರು ಊಟಕ್ಕೂ ನಿಲ್ಲದೆ ಮನೆಗೆ ಬಂದರು.

ಬಸ್‌ಸ್ಟ್ಯಾಂಡ್ ಅನ್ನೋದು ಯಾವಾಗಿನಿಂದ ಬೈಗುಳವಾಯಿತು ಸ್ವಾಮಿ? ಎನ್. ನರಸಿಂಹಯ್ಯ (1925–2011) ಓದಿದ್ದು ನಾಲ್ಕನೇ ಕ್ಲಾಸು. ಬಸ್ ಕಂಡಕ್ಟರ್ ಆಗಿ ದುಡಿದವರು. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದೇ ಕನ್ನಡ ಸರಾಗವಾಗಿ ಓದಲು ಕಲಿತೆ ಅನ್ನುವವರು ನಿಮ್ಮ ಬಸ್ಸಿನ ಪಕ್ಕದ ಸೀಟಿನಲ್ಲೇ ಸಿಕ್ಕಾರು, ಕೇಳಿ ನೋಡಿ.

ಇನ್ನೊಬ್ಬರ ವಿಷಯ ಅಂಗಡಿಯವರಿಗೆ ಹೇಳಬೇಕು. ನವೆಂಬರ್ ಬಂತೆಂದರೆ ಅಂಗಡಿ ಮುಂದೆ ಹಳದಿ-ಕೆಂಪು ಬಾವುಟ ಕಟ್ಟುತ್ತೀರಲ್ಲ, ಅದನ್ನು ರೂಪಿಸಿದ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಕಾರರೇ! ಬಹಳ ಜನಕ್ಕೆ ಇದು ಗೊತ್ತಿಲ್ಲ. 1960ರ ಮಣಿಪಾಲ ಸಮ್ಮೇಳನದ ಅಧ್ಯಕ್ಷರಾಗಿದ್ದ ಅನಕೃ ಅವರಂಥ ದೊಡ್ಡ ಸಾಹಿತಿ ಕನ್ನಡಕ್ಕಾಗಿ ಇದೇ ಬೆಂಗಳೂರಿನ ಬೀದಿಗಿಳಿದಾಗ ರಾಮಮೂರ್ತಿ ಅವರ ಜೊತೆಗೇ ನಿಂತರು. ಆಗ ನೀನು ಪತ್ತೇದಾರಿ ಬರೆಯೋನು, ಹಿಂದೆ ನಿಲ್ಲು ಅಂತ ಯಾರೂ ಅನ್ನಲಿಲ್ಲ. 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಜೊತೆ ಅವರೂ ಹೋಗಿಬಿಟ್ಟರು. ಬಾವುಟ ಉಳಿಯಿತು. ಕಾದಂಬರಿಗಳು?

ಹಾಗಂತ ಬರೆದದ್ದೆಲ್ಲ ಗಟ್ಟಿ ಕಾಳು ಅಂತ ನಾನೇನೂ ವಾದಿಸೋದಿಲ್ಲ. ಅಷ್ಟೊಂದು ಬರೆದಾಗ ಜೊಳ್ಳೂ ಇರುತ್ತದೆ. ಜೊಳ್ಳು ಯಾವುದು ಅಂತ ಆರಿಸೋದಕ್ಕಾದರೂ ಪುಸ್ತಕ ಕೈಗೆ ಸಿಗಬೇಕಲ್ಲ! ಇನ್ನು ಟಿ.ಕೆ. ರಾಮರಾವ್ ಅವರನ್ನೇ ತಗೊಳ್ಳಿ. 1972ರಲ್ಲಿ ಇಡೀ ನಾಡೇ ಮುಗಿಬಿದ್ದು ನೋಡಿದ 'ಬಂಗಾರದ ಮನುಷ್ಯ'ದ ಕಥೆ ಅವರ ಕಾದಂಬರಿಯದು. ಪತ್ತೇದಾರಿ ಬರೆದದ್ದೂ ಅದೇ ಕೈ.

ಲಂಡನ್ನಿನಲ್ಲಿ ಈ ಕಸುಬಿನವರು 1930ರಲ್ಲೇ ಒಂದು ಕ್ಲಬ್ಬು ಕಟ್ಟಿಕೊಂಡರು. ಚೆಸ್ಟರ್‌ಟನ್ ಮೊದಲ ಅಧ್ಯಕ್ಷ, ಅಗಾಥಾ ಕ್ರಿಸ್ಟಿ ಸದಸ್ಯೆ. ಒಟ್ಟಿಗೆ ಊಟ ಮಾಡುತ್ತಿದ್ದರು, ಕಸುಬಿನ ಮಾತಾಡುತ್ತಿದ್ದರು. 1931ರಲ್ಲಿ ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆದು ಒಂದೇ ಕಾದಂಬರಿ ಮುಗಿಸಿದರು. ನಮ್ಮವರಿಗೆ ಅಂಥ ವೈಭವ ಬೇಡ. ಗಾಂಧಿಬಜಾರಿನಲ್ಲೋ ಮಲ್ಲೇಶ್ವರದಲ್ಲೋ ತಿಂಗಳಿಗೊಂದು ಸಂಜೆ, ನಾಲ್ಕು ಕುರ್ಚಿ, ಬೈಟು ಕಾಫಿ ಸಾಕು.

1915ರಿಂದ ಕನ್ನಡದ ಕೆಲಸ ಮಾಡುತ್ತಿರುವ ಸಾಹಿತ್ಯ ಪರಿಷತ್ತು ಇದೇ ಚಾಮರಾಜಪೇಟೆಯಲ್ಲಿದೆ. ಅಲ್ಲಿನ ದೊಡ್ಡವರು ಮನಸ್ಸು ಮಾಡಿ ಹಳೇ ಪತ್ತೇದಾರಿ ಕಾದಂಬರಿಗಳಿಗೆಂದೇ ಒಂದು ಬೀರು ಮೀಸಲಿಟ್ಟು, ಬರೆಯುವವರನ್ನು ಒಂದು ಸಂಜೆ ಕರೆದು ಕೂರಿಸಲಿ. ಅಂಗಡಿಯವರಿಗೂ ಒಂದು ಮಾತು: ನಿಮ್ಮ ಅಟ್ಟದ ಮೇಲೆ ಅಂಥ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪೊಟ್ಟಣ ಕಟ್ಟಿದರೆ ಕೊಲೆಗಾರನ ಹೆಸರು ಕಡಲೆಕಾಯಿ ಜೊತೆ ಹೋಗಿಬಿಡುತ್ತದೆ.

ನನ್ನ ಸ್ನೇಹಿತರ ಹೆಣ ಇನ್ನೂ ನೀರಿನಲ್ಲೇ ಇದೆ. ಡಾಕ್ಟರೊಬ್ಬರನ್ನು ವಿಚಾರಿಸಿ ಶನಿವಾರ ಹೇಳುತ್ತೇನೆ ಅಂದಿದ್ದೇನೆ.